ಜನರ ಭಯಕ್ಕೆ ಜನರ ನಡುವೆಯೇ ಮದ್ದು

ಚೆನ್ನೈನ ಶೋಳಿಂಗನಲ್ಲೂರ್‌ನಲ್ಲಿ ಷೇರ್ ಆಟೊ ಹತ್ತುವುದು ಸುಲಭ, ಇಳಿಯುವುದು ಕಷ್ಟ. ಹತ್ತುವುದಕ್ಕೆ ರಸ್ತೆ ಬದಿಯಲ್ಲಿ ನಿಂತು ಕೈ ಅಡ್ಡ ಹಿಡಿದರೆ ಸಾಕು. ಇಳಿಯಬೇಕೆಂದರೆ ಬಾಯಿ ಬಿಡಬೇಕು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತ ಅಪರಿಚಿತರ ನಡುವಿನಿಂದ, ಎಂಜಿನ್ ಸದ್ದನ್ನೂ ಮೀರಿ ಚಾಲಕನಿಗೆ ಕೇಳುವ ಹಾಗೆ, ‘ಅಣ್ಣಾ, ಇಂಗ ಇರಂಗಣುಂ’ (ಇಲ್ಲಿ ಇಳಿಯಬೇಕು) ಎನ್ನಬೇಕು. ಇರುವುದು ಮೂರೇ ಪದ. ಸಾಮಾಜಿಕ ಆತಂಕ ಇರುವವರಿಗೆ ಆ ಮೂರು ಪದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ. ಎಲ್ಲರೂ ತಿರುಗಿ ನೋಡುತ್ತಾರೆ, ದನಿ ನಡುಗುತ್ತದೆ, ಉಚ್ಚಾರ ತಪ್ಪಿ ಯಾರೋ ನಗುತ್ತಾರೆ ಎಂದು ಲೆಕ್ಕ ಹಾಕುವಷ್ಟರಲ್ಲಿ ಇಳಿಯಬೇಕಾದ ಜಾಗ ಹಿಂದೆ ಹೋಗಿರುತ್ತದೆ. ಸೆಮ್ಮಂಚೇರಿಯಲ್ಲಿ ಬೇರೆ ಯಾರೋ ಇಳಿಯುವಾಗ ಅವರ ಬೆನ್ನಿಗೇ ಇಳಿದು, ಬಿಸಿಲಿನಲ್ಲಿ ಬಂದ ದಾರಿಯನ್ನೇ ನಡೆದು ವಾಪಸ್ ಹೋಗುವುದು. ತಮಿಳು ಬಾರದ್ದು ಇದಕ್ಕೆ ಕಾರಣ ಎಂದುಕೊಳ್ಳಬೇಡಿ. ಬೆಂಗಳೂರಿನ ಬಿಎಂಟಿಸಿ ಬಸ್ಸಿನಲ್ಲಿ ‘ಸ್ವಲ್ಪ ದಾರಿ ಬಿಡಿ’ ಎಂದು ಕನ್ನಡದಲ್ಲೇ ಕೇಳಲಾಗದೆ ಮುಂದಿನ ಸ್ಟಾಪಿನವರೆಗೆ ಹೋದವರೂ ಇವರೇ.

ಒಂದು ಕಿಲೋಮೀಟರ್ ನಡೆದರೆ ಏನಾಯಿತು ಎಂದು ಕೇಳುವವರಿದ್ದಾರೆ. ಒಂದು ದಿನದ ನಡಿಗೆ ಯಾರನ್ನೂ ಕೊಲ್ಲುವುದಿಲ್ಲ, ನಿಜ. ಆದರೆ ಆ ದಿನ ಅಲ್ಲಿಗೆ ಮುಗಿಯುವುದಿಲ್ಲ. ಆಫೀಸಿನಲ್ಲಿ ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ಇದೆ. ತನ್ನ ಸರದಿ ಬರುವವರೆಗೆ ಹೇಳಬೇಕಾದ ಎರಡು ವಾಕ್ಯವನ್ನು ಒಳಗೊಳಗೇ ಉರು ಹೊಡೆಯುತ್ತ, ಉಳಿದವರು ಹೇಳಿದ್ದು ಒಂದೂ ಕಿವಿಗೆ ಬೀಳದೆ ಕೂರಬೇಕು. ಮಧ್ಯಾಹ್ನ ಫುಡ್‌ಕೋರ್ಟಿನಲ್ಲಿ ತಟ್ಟೆ ಹಿಡಿದು ಯಾವ ಮೇಜಿಗೆ ಹೋಗಲಿ ಎಂದು ಹುಡುಕುವ ಆ ಅರ್ಧ ನಿಮಿಷ ತಪ್ಪಿಸಿಕೊಳ್ಳಲು ಊಟವನ್ನೇ ಬಿಡುವವರಿದ್ದಾರೆ. ಫೋನ್ ಬಂದರೆ ಎತ್ತದೆ, ರಿಂಗ್ ನಿಂತ ಮೇಲೆ ‘ಮೀಟಿಂಗ್‌ನಲ್ಲಿದ್ದೆ, ಮೆಸೇಜ್ ಮಾಡಿ’ ಎಂದು ಬರೆಯುವುದು. ಕ್ಲೈಂಟ್ ಜತೆ ಮಾತಾಡಬೇಕಾಗುತ್ತದೆ ಎಂಬ ಒಂದೇ ಕಾರಣಕ್ಕೆ ಬಡ್ತಿ ಬೇಡವೆನ್ನುವುದು. ಊರಿನ ಮದುವೆಗೆ ರಜೆ ಸಿಗಲಿಲ್ಲವೆಂದು ಸುಳ್ಳು ಹೇಳುವುದು. ರಾತ್ರಿ ಮಲಗಿದ ಮೇಲೆ ಹಗಲು ಆಡಿದ ಒಂದೊಂದು ಮಾತನ್ನೂ ಮತ್ತೆ ಎತ್ತಿ, ಎಲ್ಲಿ ತಪ್ಪಾಡಿದೆ ಎಂದು ಹುಡುಕುವುದು. ಹೀಗೆ ಹತ್ತು ವರ್ಷ ನಡೆದರೆ ಬದುಕೇ ಕಿರಿದಾಗುತ್ತ ಹೋಗುತ್ತದೆ.

ನಮ್ಮಲ್ಲಿ ಇದನ್ನು ಸಂಕೋಚದ ಸ್ವಭಾವ ಎನ್ನುತ್ತಾರೆ. ಹುಡುಗನಾದರೆ ಪುಕ್ಕಲ, ಹುಡುಗಿಯಾದರೆ ‘ಎಷ್ಟು ನಾಚಿಕೆಯ ಮಗು, ತಲೆ ಎತ್ತಿ ಮಾತಾಡಲ್ಲ’ ಎಂಬ ಹೊಗಳಿಕೆ. ಆ ಹೊಗಳಿಕೆಯಿಂದ ಆಗುವ ಕೇಡು ಬೈಗುಳದಿಂದ ಆಗುವುದಕ್ಕಿಂತ ಹೆಚ್ಚು ಎಂದು ನನ್ನ ಎಣಿಕೆ, ಏಕೆಂದರೆ ತನಗೆ ಸಹಾಯ ಬೇಕು ಎನ್ನುವುದೇ ಆಕೆಗೆ ಹೊಳೆಯುವುದಿಲ್ಲ. ಗಂಡನ ಕೆಲಸಕ್ಕೆಂದು ಮೈಸೂರಿನಿಂದಲೋ ದಾವಣಗೆರೆಯಿಂದಲೋ ಬಂದು ಇಲ್ಲಿನ ಹನ್ನೆರಡನೆಯ ಮಹಡಿಯ ಫ್ಲ್ಯಾಟಿನಲ್ಲಿ ಕುಳಿತ ಹೆಣ್ಣುಮಕ್ಕಳನ್ನು ನೆನೆಯಿರಿ. ನವರಾತ್ರಿ ಬಂತೆಂದರೆ ಪಕ್ಕದ ಮನೆಯ ಮಾಮಿ ಕೊಲುವಿಗೆ ಕರೆಯುತ್ತಾರೆ. ನಮ್ಮ ಬೊಂಬೆ ಹಬ್ಬವೇ, ಹೊಸದೇನಲ್ಲ. ಆದರೆ ಕುಂಕುಮ, ತಾಂಬೂಲ, ಸುಂಡಲ್ ಕೊಡುವ ಮೊದಲು ‘ಒಂದು ಹಾಡು ಹೇಳಮ್ಮ’ ಎನ್ನುವುದು ಅಲ್ಲಿನ ಪದ್ಧತಿ. ಆ ಒಂದು ಮಾತಿನ ಭಯಕ್ಕೆ ಒಂಬತ್ತು ದಿನವೂ ತಲೆನೋವೆಂದು ಬಾಗಿಲು ಹಾಕಿಕೊಂಡರೆ, ಹೊರಗಿನವರಿಗೆ ಕಾಣುವುದು ಜಂಬ. ಈ ಕಾಯಿಲೆಯ ಕ್ರೌರ್ಯ ಇರುವುದು ಅಲ್ಲಿಯೇ: ಜನ ಏನೆಂದುಕೊಳ್ಳುತ್ತಾರೋ ಎಂದು ಹೆದರಿ ಮಾಡಿದ ಕೆಲಸವೇ ಜನ ತಪ್ಪಾಗಿ ತಿಳಿಯುವಂತೆ ಮಾಡುತ್ತದೆ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಇದರ ಒಳಗಿನ ಯಂತ್ರವನ್ನು ಬಿಡಿಸಿಟ್ಟರು. ಭಯವಾದ ಕೂಡಲೇ ಗಮನ ಎದುರಿಗಿರುವವರನ್ನು ಬಿಟ್ಟು ತನ್ನ ಮೇಲೇ ತಿರುಗುತ್ತದೆ. ಎದೆ ಹೊಡೆದುಕೊಳ್ಳುವುದು, ಮುಖ ಬಿಸಿಯಾಗುವುದು, ಕೈ ಬೆವರುವುದು ಒಳಗಿನಿಂದ ಎಷ್ಟು ಜೋರಾಗಿ ಗೊತ್ತಾಗುತ್ತದೋ ಹೊರಗಿನವರಿಗೂ ಅಷ್ಟೇ ಜೋರಾಗಿ ಕಾಣುತ್ತಿದೆ ಎಂದು ಮನಸ್ಸು ನಂಬುತ್ತದೆ. ಅದನ್ನು ಮುಚ್ಚಿಡಲು ನೂರು ಉಪಾಯ: ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು, ಬೆವರು ಕಾಣದ ಬಣ್ಣದ ಅಂಗಿ ಹಾಕುವುದು, ಸುಮ್ಮನೆ ಮೊಬೈಲ್ ನೋಡುವುದು, ಕಣ್ಣು ತಪ್ಪಿಸುವುದು, ಮಾತನ್ನು ಮೊದಲೇ ಕಟ್ಟಿ ಇಟ್ಟುಕೊಳ್ಳುವುದು. ಆ ಹೊತ್ತಿಗೆ ಪಾರಾಗಬಹುದು. ಆದರೆ ‘ಲೋಟ ಒಂದೇ ಕೈಯಲ್ಲಿ ಹಿಡಿದಿದ್ದರೂ ಏನೂ ಆಗುತ್ತಿರಲಿಲ್ಲ’ ಎಂಬ ಸತ್ಯ ತಿಳಿಯುವ ಅವಕಾಶ ಪ್ರತಿಸಲವೂ ಕೈತಪ್ಪುತ್ತದೆ. ಹಾಗಾಗಿಯೇ ಭಯ ತಾನಾಗಿ ತೀರುವುದಿಲ್ಲ.

ವೈದ್ಯಕೀಯವೂ ಇದನ್ನು ತಡವಾಗಿಯೇ ಕಂಡಿತು. ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಇದು ಸೋಷಿಯಲ್ ಫೋಬಿಯಾ ಎಂಬ ಹೆಸರಿನಲ್ಲಿ ಸೇರಿದ್ದು 1980ರಲ್ಲಿ. ಐದು ವರ್ಷದ ನಂತರವೂ ನ್ಯೂಯಾರ್ಕಿನ ಮೈಕೆಲ್ ಲೀಬೊವಿಟ್ಸ್ ಅದನ್ನು ‘ಅಲಕ್ಷಿತ ಆತಂಕ’ವೆಂದೇ ಕರೆದರು. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 28 ದೇಶಗಳಲ್ಲಿ ನಡೆದ ಸಮೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. ಬದುಕಿನ ಯಾವುದಾದರೂ ಹಂತದಲ್ಲಿ ಇದಕ್ಕೆ ತುತ್ತಾಗುವವರು ನೂರಕ್ಕೆ ನಾಲ್ವರು. ಬಹುಪಾಲು ಇದು ಶುರುವಾಗುವುದು ಹೈಸ್ಕೂಲು ವಯಸ್ಸಿನಲ್ಲಿ. ಅಮೆರಿಕದಲ್ಲೇ, ಚಿಕಿತ್ಸೆಗೆ ಹೋದವರು ಕೂಡ ಸಾಮಾನ್ಯವಾಗಿ 16 ವರ್ಷ ತಡಮಾಡಿ ಹೋಗಿದ್ದರೆಂದು 2005ರ ಅಧ್ಯಯನವೊಂದು ತೋರಿಸಿತು. ನಮ್ಮ ಸ್ಥಿತಿ ಹೇಳಬೇಕಾಗಿಲ್ಲ. ನಿಮ್ಹಾನ್ಸ್ 2015–16ರಲ್ಲಿ ತಮಿಳುನಾಡೂ ಸೇರಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಆತಂಕ, ಖಿನ್ನತೆಯಂಥ ಸಾಮಾನ್ಯ ಮನೋವ್ಯಾಧಿ ಇರುವವರಲ್ಲಿ ಸುಮಾರು ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ.

ಮತ್ತೆ ಶೋಳಿಂಗನಲ್ಲೂರ್‌ಗೆ ಬರೋಣ. ಅದು 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. ಆಗ ಅದು ಪಾಲಿಕೆಯ 15ನೆಯ ವಲಯವಾಯಿತು. ಒಂದು ಕಡೆ ಬಕಿಂಗ್‌ಹ್ಯಾಮ್ ಕಾಲುವೆ, ಅದರಾಚೆ ಸಮುದ್ರ. ಇನ್ನೊಂದು ಕಡೆ ಮೇಡವಾಕ್ಕಂ ದಾರಿ. ನಡುವೆ ಹಳೆಯ ಮಹಾಬಲಿಪುರಂ ರಸ್ತೆಯ ಉದ್ದಕ್ಕೂ ಇನ್ಫೊಸಿಸ್, ವಿಪ್ರೊ, ಎಚ್‌ಸಿಎಲ್, ಕಾಗ್ನಿಜೆಂಟ್, ಎಲ್ಕಾಟ್‌ನ ವಿಶೇಷ ಆರ್ಥಿಕ ವಲಯ. ಇಲ್ಲಿ ವಾಸಿಸುವ ಎಷ್ಟೋ ಮಂದಿಗೆ ಇದು ಹುಟ್ಟಿದ ಊರಲ್ಲ. ಬೆಂಗಳೂರಿನ ಪ್ರಾಜೆಕ್ಟ್ ಮುಗಿದು ಬಂದ ಕನ್ನಡದ ಹುಡುಗ ಹುಡುಗಿಯರು, ಆಂಧ್ರದವರು, ಒಡಿಶಾದವರು, ತಿರುನೆಲ್ವೇಲಿಯಿಂದ ಬಂದವರು ಎಲ್ಲರೂ ಪಿ.ಜಿ.ಗಳಲ್ಲಿ, ಬಾಡಿಗೆ ಫ್ಲ್ಯಾಟುಗಳಲ್ಲಿ ಅಕ್ಕಪಕ್ಕ ಇದ್ದಾರೆ. ಊರಿನಲ್ಲಾದರೆ ಅಣ್ಣನೋ ಅತ್ತಿಗೆಯೋ ಕೈಹಿಡಿದು ನಾಲ್ಕು ಜನರ ನಡುವೆ ಕೂರಿಸುತ್ತಿದ್ದರು, ‘ಇವನು ಸ್ವಲ್ಪ ಮಾತು ಕಮ್ಮಿ’ ಎಂದು ಪರಿಚಯಿಸುತ್ತಿದ್ದರು. ಇಲ್ಲಿ ಆ ಆಸರೆ ಇಲ್ಲ. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಬಂದಾಗ ಇಂಥವರಿಗೆ ಅದು ಬಿಡುಗಡೆಯಂತೆ ಕಂಡಿತು: ಕ್ಯಾಮೆರಾ ಆಫ್, ಮೈಕ್ ಮ್ಯೂಟ್. ಅಷ್ಟು ಕಾಲ ಜನರ ಎದುರಿಗೆ ಬರದೆ ಇದ್ದವರು ಆಫೀಸಿಗೆ ಮರಳಬೇಕಾದಾಗ ಭಯ ಮೊದಲಿಗಿಂತ ಬಲಿತಿರುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಿದ್ದರೆ ಇವರು ಹೋಗಬೇಕಾದದ್ದು ಎಲ್ಲಿಗೆ?

ಮದ್ದುಗಳಿವೆ, ಕೆಲವರಿಗೆ ಅವು ಬೇಕೇಬೇಕು. ಮನೋವೈದ್ಯರನ್ನು ಕಂಡೇ ತೆಗೆದುಕೊಳ್ಳಬೇಕು. ಗೆಳೆಯ ಹೇಳಿದನೆಂದು ಪ್ರೆಸೆಂಟೇಷನ್ನಿಗೆ ಮೊದಲು ಪ್ರೊಪ್ರನೊಲಾಲ್ ನುಂಗುವ ಅಭ್ಯಾಸ ಅಪಾಯದ್ದು, ಆಸ್ತಮಾ ಇದ್ದವರಿಗಂತೂ ಜೀವಕ್ಕೇ ಅಪಾಯ. ಎರಡು ಪೆಗ್ ಹಾಕಿದರೆ ಮಾತು ಬರುತ್ತದೆ ಎಂದು ಕಂಡುಕೊಂಡವರ ದಾರಿ ಇನ್ನೂ ಕೆಟ್ಟದ್ದು. ಮನಶ್ಶಾಸ್ತ್ರಜ್ಞರೊಬ್ಬರ ಜತೆ ಒಬ್ಬರೇ ಕುಳಿತು ಮಾಡುವ ಚಿಕಿತ್ಸೆಯೂ ಇದೆ, ಅದು ಒಳ್ಳೆಯದು. ಆದರೆ ನಾನು ಇಲ್ಲಿ ವಾದಿಸಲು ಹೊರಟಿರುವುದು ಗುಂಪಿನ ಪರವಾಗಿ. ಜನರ ಭಯ ಇರುವವರನ್ನು ಜನರ ನಡುವೆಯೇ ಕೂರಿಸಿ ಗುಣ ಮಾಡುವ ಈ ವಿಧಾನ ಮೊದಲು ಕೇಳಿದಾಗ ಕ್ರೂರವೆನಿಸುತ್ತದೆ. ಒಳಹೊಕ್ಕು ನೋಡಿದರೆ ಇದಕ್ಕಿಂತ ಸಹಜವಾದದ್ದು ಇನ್ನೊಂದಿಲ್ಲ.

ರೋಗಿಗಳನ್ನು ಒಟ್ಟಿಗೆ ಕೂರಿಸಿ ಚಿಕಿತ್ಸೆ ಕೊಡುವುದನ್ನು 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ ಶುರುಮಾಡಿದ್ದು ಕ್ಷಯರೋಗಿಗಳಿಗಾಗಿ. ವಾರಕ್ಕೊಮ್ಮೆ ಪಾಠ ಹೇಳಲು ಸೇರಿಸಿದ ಆ ಬಡ ರೋಗಿಗಳು ಒಬ್ಬರನ್ನೊಬ್ಬರು ನೋಡಿಯೇ ಧೈರ್ಯ ತಂದುಕೊಳ್ಳುವುದನ್ನು ಅವರು ಗಮನಿಸಿದರು. ಜಪಾನಿನಲ್ಲಿ ಜನರ ಮುಂದೆ ನಿಲ್ಲುವ ಭಯಕ್ಕೇ ಹಿಂದಿನಿಂದ ಹೆಸರಿತ್ತು, ಷೋಮ ಮೊರಿತ ಎಂಬ ವೈದ್ಯರ ಚಿಕಿತ್ಸಾ ಕ್ರಮವೂ ಇತ್ತು. ಅದನ್ನು ನಂಬಿದ ಜನರೇ ಸೇರಿಕೊಂಡು ಕಟ್ಟಿದ ‘ಸೆಯ್ಕತ್ಸು ನೊ ಹಕ್ಕೆಂಕಾಯ್’ ಎಂಬ ಸಂಘ ಊರೂರಲ್ಲಿ ಸಭೆ ಸೇರುತ್ತ ಬಂದಿದೆ. ಸಾಮಾಜಿಕ ಆತಂಕಕ್ಕೆಂದೇ ಗುಂಪು ಚಿಕಿತ್ಸೆಯನ್ನು ಕ್ರಮಬದ್ಧವಾಗಿ ರೂಪಿಸಿದವರು ಅಮೆರಿಕದ ರಿಚರ್ಡ್ ಹೈಂಬರ್ಗ್. 1980ರ ದಶಕದಿಂದ ಅವರು ಬೆಳೆಸಿದ ಕ್ರಮ ಇದು: ಸುಮಾರು ಆರು ಜನ ಸದಸ್ಯರು, ಇಬ್ಬರು ಚಿಕಿತ್ಸಕರು, ವಾರಕ್ಕೊಮ್ಮೆ ಎರಡೂವರೆ ಗಂಟೆಯಂತೆ ಹನ್ನೆರಡು ವಾರ.

ಅಂಥ ಗುಂಪಿನ ಒಳಗೆ ಏನು ನಡೆಯುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಹುಡುಗನೊಬ್ಬ ಮ್ಯಾನೇಜರ್ ಬಳಿ ದಸರಾ ರಜೆ ಕೇಳಬೇಕು. ಹಾಸನಕ್ಕೆ ಹೋಗಬೇಕು, ಟಿಕೆಟ್ ಬುಕ್ ಆಗಿದೆ, ಕೇಳಲು ಬಾಯಿ ಬರುತ್ತಿಲ್ಲ. ಚಿಕಿತ್ಸಕಿ ಮೊದಲು ಕೇಳುವುದು, ‘ಕೇಳುವಾಗ ನಿನ್ನ ಮನಸ್ಸಿನಲ್ಲಿ ಏನು ಓಡುತ್ತದೆ?’ ಅವನು ಹೇಳುತ್ತಾನೆ: ‘ನಾನು ತಡವರಿಸುತ್ತೇನೆ. ಅವರಿಗೆ ನಾನು ಕೆಲಸಕ್ಕೆ ಬಾರದವನು ಅನ್ನಿಸುತ್ತದೆ.’ ಅದನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ತಡವರಿಸಿದ ಸಹೋದ್ಯೋಗಿಗಳನ್ನು ನೀನು ಕೆಲಸಕ್ಕೆ ಬಾರದವರೆಂದು ತೀರ್ಮಾನಿಸಿದ್ದೀಯಾ, ರಜೆ ಕೇಳಿದವರೆಲ್ಲ ತಡವರಿಸದೆ ಕೇಳಿದ್ದಾರಾ ಎಂದು ಗುಂಪೇ ಪ್ರಶ್ನಿಸುತ್ತದೆ. ಆಮೇಲೆ ಗುರಿ ಗೊತ್ತುಮಾಡಬೇಕು. ‘ಹೆದರಬಾರದು’ ಎನ್ನುವುದು ಗುರಿಯಾಗುವುದಿಲ್ಲ, ಅದು ಯಾರ ಕೈಯಲ್ಲೂ ಇಲ್ಲ. ‘ತಾರೀಖು ಹೇಳುತ್ತೇನೆ, ಕಾರಣ ಒಂದೇ ವಾಕ್ಯದಲ್ಲಿ ಹೇಳುತ್ತೇನೆ, ಕ್ಷಮಿಸಿ ಎನ್ನುವುದಿಲ್ಲ’ – ಇದು ಗುರಿ. ಗುಂಪಿನ ಒಬ್ಬರು ಮ್ಯಾನೇಜರ್ ಆಗಿ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಕೂರುತ್ತಾರೆ. ನಾಟಕ ಶುರು. ನಿಮಿಷಕ್ಕೊಮ್ಮೆ ಚಿಕಿತ್ಸಕಿ ‘ಎಷ್ಟು?’ ಎಂದು ಕೇಳುತ್ತಾರೆ. ಅವನು ತನ್ನ ಭಯಕ್ಕೆ ನೂರರಲ್ಲಿ ಅಂಕ ಕೊಡಬೇಕು. ಎಂಬತ್ತು. ತೊಂಬತ್ತು. ತೊಂಬತ್ತು. ಎಪ್ಪತ್ತು. ಐವತ್ತು. ಮುಗಿದ ಮೇಲೆ ಸುತ್ತ ಕುಳಿತವರನ್ನು ಕೇಳುತ್ತಾರೆ, ‘ಇವನ ಕೈ ನಡುಗಿದ್ದು ಯಾರಿಗೆ ಕಂಡಿತು?’ ಯಾರಿಗೂ ಕಂಡಿರುವುದಿಲ್ಲ, ಅಥವಾ ಒಬ್ಬರಿಗೆ ಕಂಡಿದ್ದು ಅವರು ಅದನ್ನು ಅಲ್ಲೇ ಮರೆತಿರುತ್ತಾರೆ. ವಿಡಿಯೊ ಮಾಡಿದ್ದರೆ ಅವನೇ ನೋಡಬಹುದು: ಒಳಗೆ ಬೆಂಕಿ ಬಿದ್ದಂತಿದ್ದ ಮುಖ ಪರದೆಯ ಮೇಲೆ ಸಾಮಾನ್ಯವಾಗಿಯೇ ಇದೆ. ಆ ವಾರದ ಮನೆಗೆಲಸ, ನಿಜವಾದ ಮ್ಯಾನೇಜರ್ ಬಳಿ ರಜೆ ಕೇಳುವುದು.

ಒಬ್ಬ ವೈದ್ಯರು ಮುಚ್ಚಿದ ಬಾಗಿಲ ಹಿಂದೆ ನೂರು ಸಲ ‘ಏನೂ ಆಗಲ್ಲ’ ಎಂದರೂ ಸಿಗದ ಪುರಾವೆ ಅಲ್ಲಿ ಐದು ನಿಮಿಷದಲ್ಲಿ ಸಿಗುತ್ತದೆ. ಜತೆಗೆ, ತನಗೊಬ್ಬನಿಗೇ ಹೀಗೆ ಎಂದು ಇಪ್ಪತ್ತು ವರ್ಷದಿಂದ ನಂಬಿದ್ದವನು ತನ್ನ ಹಾಗೆಯೇ ಇರುವ ಐವರನ್ನು ಕಣ್ಣಾರೆ ಕಾಣುತ್ತಾನೆ. ಅವರಲ್ಲೊಬ್ಬರು ಕಾಲೇಜು ಉಪನ್ಯಾಸಕಿಯಾಗಿರಬಹುದು, ಒಬ್ಬರು ಬ್ಯಾಂಕಿನ ಅಧಿಕಾರಿ. ಗುಂಪಿನ ಅರ್ಧ ಕೆಲಸ ಅಲ್ಲಿಗೇ ಆಯಿತು.

ಆದರೆ ಎಲ್ಲ ಗುಂಪೂ ಒಂದೇ ಅಲ್ಲ, ಇದನ್ನು ಒತ್ತಿ ಹೇಳಬೇಕು. ಹೈಂಬರ್ಗ್, ಲೀಬೊವಿಟ್ಸ್ ಮತ್ತಿತರರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 133 ರೋಗಿಗಳನ್ನು ನಾಲ್ಕು ಪಾಲು ಮಾಡಿದ್ದರು. ಒಂದು ಪಾಲಿಗೆ ಫೆನೆಲ್ಜೀನ್ ಎಂಬ ಔಷಧ, ಒಂದಕ್ಕೆ ಮದ್ದಿಲ್ಲದ ಮಾತ್ರೆ, ಒಂದಕ್ಕೆ ಮೇಲೆ ಹೇಳಿದಂಥ ಗುಂಪು ಚಿಕಿತ್ಸೆ, ಇನ್ನೊಂದಕ್ಕೆ ಬರೀ ಪಾಠ ಕೇಳಿ, ಮಾತಾಡಿ ಪರಸ್ಪರ ಸಮಾಧಾನ ಹೇಳಿಕೊಳ್ಳುವ ಗುಂಪು. ಹನ್ನೆರಡು ವಾರದ ನಂತರ ಔಷಧ ಪಡೆದವರೂ ಅಭ್ಯಾಸ ಮಾಡಿಸುವ ಗುಂಪಿನವರೂ ಚೇತರಿಸಿಕೊಂಡದ್ದು ಹೆಚ್ಚು. ಔಷಧದ ಫಲ ಬೇಗ ಕಂಡಿತು. ಆದರೆ ಚಿಕಿತ್ಸೆ ನಿಲ್ಲಿಸಿದ ಮೇಲೂ ಗುಣವನ್ನು ಹೆಚ್ಚು ಉಳಿಸಿಕೊಂಡವರು ಗುಂಪಿನವರು. ಸಮಾಧಾನದ ಗುಂಪು ಇವೆರಡಕ್ಕಿಂತ ಹಿಂದೆ ಬಿತ್ತು. ಅಂದರೆ ಕಷ್ಟ ಹಂಚಿಕೊಂಡು ಮನೆಗೆ ಹೋಗುವ ಗುಂಪು ಸಾಲದು, ಕೆಲಸ ಕೊಡುವ ಗುಂಪು ಬೇಕು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೊದಲ ಆಯ್ಕೆ ಒಬ್ಬೊಬ್ಬರಿಗೇ ಕೊಡುವ ಚಿಕಿತ್ಸೆಯೇ. ಆದರೆ ನಮ್ಮ 2023–24ರ ಆರ್ಥಿಕ ಸಮೀಕ್ಷೆಯೇ ಹೇಳುವಂತೆ ಭಾರತದಲ್ಲಿ ಲಕ್ಷ ಜನಕ್ಕೆ 0.75 ಮನೋವೈದ್ಯರಿದ್ದಾರೆ, ಇರಬೇಕಾದದ್ದು ಮೂವರು. ಇಷ್ಟು ಕಡಿಮೆ ತಜ್ಞರಿರುವ ದೇಶದಲ್ಲಿ ಇಬ್ಬರು ಚಿಕಿತ್ಸಕರು ಒಮ್ಮೆಗೇ ಆರು ಜನರನ್ನು ನೋಡುವ ದಾರಿಯನ್ನು ನಾವು ಬಳಸದೆ ಬಿಟ್ಟಿರುವುದು ನನಗೆ ಅರ್ಥವಾಗದ ಸಂಗತಿ.

ಚೆನ್ನೈಗೆ ಈ ವಿದ್ಯೆ ಗೊತ್ತಿಲ್ಲ ಎನ್ನುವಂತಿಲ್ಲ. ಮನೋರೋಗಿಗಳನ್ನೂ ಅವರ ಮನೆಯವರನ್ನೂ ಒಟ್ಟುಗೂಡಿಸುವುದರಲ್ಲಿ ಈ ನಗರಕ್ಕೆ ದೊಡ್ಡ ಪರಂಪರೆಯಿದೆ. ಅದನ್ನು ಕಟ್ಟಿದವರಲ್ಲಿ ಮೊದಲ ಹೆಸರು ಡಾ. ಶಾರದಾ ಮೆನನ್ ಅವರದು. 1923ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ಮನೋವೈದ್ಯಶಾಸ್ತ್ರ ಕಲಿತದ್ದು ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ. ದೇಶದ ಮೊದಲ ಮಹಿಳಾ ಮನೋವೈದ್ಯೆ. 1961ರಿಂದ 1978ರವರೆಗೆ ಚೆನ್ನೈನ ಕೀಳ್ಪಾಕ್ಕಂ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದವರು. ನಮ್ಮಲ್ಲಿ ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದು ಹಂಗಿಸುವ ಹಾಗೆ ತಮಿಳಿನಲ್ಲಿ ಹಂಗಿಸುವ ಹೆಸರು ಕೀಳ್ಪಾಕ್ಕಂ. ಆ ಆಸ್ಪತ್ರೆಯ ಬಾಗಿಲನ್ನು ಸಮಾಜಕ್ಕೆ ತೆರೆಯುವುದರಲ್ಲೇ ಶಾರದಾ ಮೆನನ್ ಬದುಕು ಸವೆಸಿದರು. 1984ರಲ್ಲಿ ಸ್ಕಿಜೊಫ್ರೇನಿಯಾ ರೋಗಿಗಳಿಗಾಗಿ ಸ್ಕಾರ್ಫ್ ಸಂಸ್ಥೆ ಕಟ್ಟಿದರು. ಮುಂದೆ ರೋಗಿಗಳ ಕುಟುಂಬದವರೇ ಸೇರಿ ನಡೆಸುವ ‘ಆಶಾ’ಕ್ಕೆ ನೆರವಾದರು. 2021ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಬಿಡಲಿಲ್ಲ. ಅಡ್ಯಾರ್ ಕಡೆ, ಇಂದಿರಾನಗರದಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಶುರುಮಾಡಿದ ವ್ಯಸನಮುಕ್ತಿ ಕೇಂದ್ರವಿದೆ. ಕುಡಿತ ಬಿಟ್ಟವರು ಕುಡಿತ ಬಿಡುವವರ ಜತೆ ಕುಳಿತು ಮಾತಾಡುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಚೆನ್ನೈನಲ್ಲಿ ದಶಕಗಳಿಂದ ನಡೆಯುತ್ತಿವೆ. ಕುಡಿತದ ಬಗ್ಗೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಜಾಗ ಮಾಡಿಕೊಟ್ಟ ನಗರದಲ್ಲಿ, ನಾಲ್ಕು ಜನರ ಭಯದ ಬಗ್ಗೆ ಹೇಳಿಕೊಳ್ಳುವ ಜಾಗ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಈ ಭಯ ಇರುವವರು ಬೀದಿಯಲ್ಲಿ ಗಲಾಟೆ ಮಾಡುವುದಿಲ್ಲ, ಮನೆಯವರನ್ನು ಕಾಡುವುದಿಲ್ಲ, ಸಂಬಳ ತಂದುಕೊಡುತ್ತಾರೆ. ಅವರಿಗಾಗಿ ಯಾರೂ ಅರ್ಜಿ ಹಿಡಿದು ನಿಲ್ಲುವುದಿಲ್ಲ.

ಹತ್ತಿರದ ಆಸರೆಗಳು ಎರಡಿವೆ. ಒಂದು ಟೋಸ್ಟ್‌ಮಾಸ್ಟರ್ಸ್. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಭಾಷಣ ಕಲಿಯುವ ಈ ಕ್ಲಬ್ಬುಗಳು ಐ.ಟಿ. ಕಂಪನಿಗಳ ಒಳಗೂ ನಡೆಯುತ್ತವೆ. ಬರೀ ಸಭಾಕಂಪ ಇರುವವರಿಗೆ ಇದು ಬಹಳ ಉಪಯೋಗಿ. ಆದರೆ ಅಲ್ಲಿ ಚಿಕಿತ್ಸಕರಿಲ್ಲ. ಗಡಿಯಾರ ಇದೆ, ‘ಅಂ’ ‘ಆಂ’ ಎಣಿಸುವವರಿದ್ದಾರೆ, ಭಾಷಣಕ್ಕೆ ವಿಮರ್ಶೆ ಇದೆ. ತೀವ್ರ ಆತಂಕ ಇರುವವರು ಮೊದಲೇ ಅಲ್ಲಿಗೆ ಹೋದರೆ ಒಂದೇ ವಾರಕ್ಕೆ ವಾಪಸ್ ಬಂದುಬಿಡಬಹುದು. ಇನ್ನೊಂದು, ನನಗೆ ಹೆಚ್ಚು ಗೌರವವಿರುವ ಮಾದರಿ: ಉಗ್ಗುವವರೇ ಕಟ್ಟಿಕೊಂಡ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್. ಸ್ವತಃ ಉಗ್ಗುವ ವೈದ್ಯರಾದ ಡಾ. ಸತ್ಯೇಂದ್ರ ಶ್ರೀವಾಸ್ತವ ಡೆಹ್ರಾಡೂನ್ ಬಳಿಯಿಂದ 2008ರಲ್ಲಿ ಶುರುಮಾಡಿದ ಇದರ ಗುಂಪುಗಳು ಬೆಂಗಳೂರು, ಚೆನ್ನೈ ಸೇರಿ ಹಲವು ಊರುಗಳಲ್ಲಿ ಹುಟ್ಟಿಕೊಂಡವು. ಪಾರ್ಕಿನಲ್ಲಿ ಭಾನುವಾರ ಸೇರುತ್ತಾರೆ. ಆಮೇಲೆ ರಸ್ತೆಗಿಳಿದು ಅಪರಿಚಿತರನ್ನು ನಿಲ್ಲಿಸಿ, ಬೇಕೆಂದೇ ಉಗ್ಗುತ್ತ ದಾರಿ ಕೇಳುತ್ತಾರೆ. ಅಡಗಿಸುವುದನ್ನು ಬಿಟ್ಟರೆ ಭಯ ಅರ್ಧ ಇಳಿಯುತ್ತದೆ ಎಂಬುದನ್ನು ಅವರು ಬೀದಿಯಲ್ಲೇ ಕಂಡುಕೊಂಡರು. ಸಾಮಾಜಿಕ ಆತಂಕದವರಿಗೆ ನಮ್ಮಲ್ಲಿ ಇಂಥದೊಂದು ಸಂಘ ಏಕಿಲ್ಲ ಎನ್ನುವುದಕ್ಕೆ ಉತ್ತರ ಕಾಯಿಲೆಯಲ್ಲೇ ಇದೆ: ಸಂಘ ಕಟ್ಟಲು ಮೊದಲು ಒಬ್ಬರು ಎದ್ದು ನಿಂತು ಮಾತಾಡಬೇಕು.

ಹಾಗಾಗಿ ಹೊರಗಿನವರ ಕೈ ಬೇಕು. ಗುಂಪು ಹುಡುಕಲು ಹೊರಡುವವರಿಗೂ ಒಂದಷ್ಟು ತಿಳಿದಿರಲಿ. ಮೊದಲ ಕಷ್ಟ ಫೋನ್ ಮಾಡುವುದೇ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿದರೆ ತಪ್ಪಿಲ್ಲ. ಮೆಸೇಜಿನಲ್ಲಿ, ಇ–ಮೇಲ್‌ನಲ್ಲಿ ಕೇಳಿದರೂ ಆಗುತ್ತದೆ. ಅಕ್ಕನೋ ಗೆಳೆಯನೋ ನಿಮ್ಮ ಪರವಾಗಿ ಮೊದಲ ಕರೆ ಮಾಡಬಹುದು. ಗುಂಪಿಗೆ ಸೇರುವ ಮೊದಲು ಒಬ್ಬರೇ ಹೋಗಿ ಚಿಕಿತ್ಸಕರನ್ನು ಕಾಣುವ ಅವಕಾಶ ಕೇಳಿ. ಸರಿಯಾಗಿ ನಡೆಸುವ ಗುಂಪಿನಲ್ಲಿ ಅದು ಇದ್ದೇ ಇರುತ್ತದೆ. ನಡೆಸುವವರು ಮನೋವೈದ್ಯರೇ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟರೇ ಎಂದು ವಿಚಾರಿಸಿ. ಎಷ್ಟು ಜನ, ಎಷ್ಟು ವಾರ, ಮನೆಗೆಲಸ ಕೊಡುತ್ತಾರೆಯೇ, ಅಲ್ಲಿ ಆಡಿದ ಮಾತು ಹೊರಗೆ ಹೋಗದಂತೆ ನಿಯಮವಿದೆಯೇ ಎಂದೂ ಕೇಳಿ. ಎರಡೇ ದಿನದಲ್ಲಿ ಆತ್ಮವಿಶ್ವಾಸ ತುಂಬುತ್ತೇವೆ ಎನ್ನುವ ಶಿಬಿರಗಳಿಂದ ದೂರವಿರಿ. ಮೊದಲ ದಿನ ಹತ್ತು ನಿಮಿಷ ಬೇಗ ಹೋಗಿ. ತಡವಾಗಿ ಹೋದರೆ ಎಲ್ಲರೂ ಕುಳಿತಿರುವ ಕೋಣೆಯ ಬಾಗಿಲು ತೆರೆಯಬೇಕಾಗುತ್ತದೆ, ಎಷ್ಟೋ ಜನ ಆ ಬಾಗಿಲಿನಿಂದಲೇ ಹಿಂದಕ್ಕೆ ಬರುತ್ತಾರೆ. ಮೊದಲ ದಿನ ಹೆಸರು ಬಿಟ್ಟು ಏನೂ ಹೇಳದಿದ್ದರೂ ಯಾರೂ ಬಲವಂತ ಮಾಡುವುದಿಲ್ಲ. ಮೂರನೆಯ ವಾರ ಬಿಟ್ಟುಬಿಡೋಣ ಅನ್ನಿಸಿದರೆ, ಆ ಮಾತನ್ನೇ ಗುಂಪಿನಲ್ಲಿ ಹೇಳಿ. ಅಲ್ಲಿರುವ ಮಿಕ್ಕವರಿಗೂ ಹಾಗೇ ಅನ್ನಿಸಿರುತ್ತದೆ.

ಕಂಪನಿಗಳು ಉದ್ಯೋಗಿಗಳಿಗೆ ಆಪ್ತಸಮಾಲೋಚನೆಯ ಸೌಲಭ್ಯ ಕೊಡುತ್ತವೆ. ಎಚ್‌ಆರ್‌ಗೆ ಗೊತ್ತಾಗುತ್ತದೆಂಬ ಅಂಜಿಕೆಯಿಂದ ಅದನ್ನು ಬಳಸದವರೇ ಹೆಚ್ಚು. ಗೌಪ್ಯತೆಯ ನಿಯಮವನ್ನು ಲಿಖಿತದಲ್ಲಿ ಕೇಳಿ ಪಡೆಯಿರಿ, ಬಳಸಿ. ಮಾನಸಿಕ ಆರೋಗ್ಯ ಸೇವೆ ಪಡೆಯುವುದು 2017ರ ಕಾಯ್ದೆ ಕೊಟ್ಟ ಹಕ್ಕು. ಅದು 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಹಳೆಯ ಮಹಾಬಲಿಪುರಂ ರಸ್ತೆಯಲ್ಲೇ ದಕ್ಷಿಣಕ್ಕೆ ಹೋದರೆ ಕೇಳಂಬಾಕ್ಕಂನಲ್ಲಿ ಚೆಟ್ಟಿನಾಡ್ ವೈದ್ಯಕೀಯ ಕಾಲೇಜು ಇದೆ. ಇಷ್ಟು ಲಕ್ಷ ಯುವಜನ ದುಡಿಯುವ ಹಾದಿಯಲ್ಲಿ, ಮನೋವೈದ್ಯ ವಿಭಾಗ ಇರುವ ಆಸ್ಪತ್ರೆಗಳು ಶನಿವಾರಕ್ಕೊಂದು ಗುಂಪು ನಡೆಸಬೇಕೆಂದು ಕೇಳುವುದು ದುರಾಸೆಯಲ್ಲ.

ಭಾಷೆಯ ಮಾತು ಉಳಿಯಿತು. ಚೆನ್ನೈನಲ್ಲಿ ಗುಂಪು ಸಿಕ್ಕರೂ ಅದು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಆಫೀಸಿನ ಭಯಕ್ಕೆ ಅಷ್ಟು ಸಾಕಾಗಬಹುದು, ಏಕೆಂದರೆ ಆ ಭಯ ಇರುವುದೇ ಆ ಭಾಷೆಗಳಲ್ಲಿ. ಆದರೆ ಏಳನೆಯ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮುಂದೆ ನಿಲ್ಲಿಸಿ ಎಲ್ಲರನ್ನೂ ನಗಿಸಿದ್ದು, ಅಪ್ಪ ನೆಂಟರೆದುರು ‘ಇವನಿಗೆ ಬಾಯೇ ಇಲ್ಲ’ ಎಂದದ್ದು – ಇವೆಲ್ಲ ನಡೆದದ್ದು ಕನ್ನಡದಲ್ಲಿ. ಅವನ್ನು ಹೇಳಿಕೊಳ್ಳುವಾಗ ಇಂಗ್ಲಿಷು ಅಡ್ಡ ನಿಲ್ಲುತ್ತದೆ, ಕೆಲವೊಮ್ಮೆ ಅಡಗಿಕೊಳ್ಳುವ ಮರೆಯೂ ಆಗುತ್ತದೆ. ವಿಡಿಯೊ ಕರೆಯಲ್ಲಿ ಬೇರೆ ಬೇರೆ ಊರುಗಳ ಕನ್ನಡಿಗರನ್ನು ಸೇರಿಸಿ ಗುಂಪು ನಡೆಸಬಹುದು. ಆರಂಭಕ್ಕೆ ಅದು ಒಳ್ಳೆಯ ಮೆಟ್ಟಿಲು. ಕ್ಯಾಮೆರಾ ಆನ್ ಇರಲೇಬೇಕು ಎಂಬ ನಿಯಮದೊಂದಿಗೆ, ಮತ್ತು ಕೊನೆಯ ಕೆಲವು ವಾರಗಳಾದರೂ ಮುಖಾಮುಖಿ ಸೇರುವ ಒಪ್ಪಂದದೊಂದಿಗೆ.

ಅದಕ್ಕೆ ಬೇಕಾದದ್ದು ಒಂದು ಕೋಣೆ. ಚೆನ್ನೈನ ಕನ್ನಡ ಸಂಘಗಳಿಗೆ ಅಂಥ ಕೋಣೆಗಳಿವೆ. ತ್ಯಾಗರಾಯನಗರದ ಕರ್ನಾಟಕ ಸಂಘ ಶಾಲೆಯನ್ನೇ ನಡೆಸಿಕೊಂಡು ಬಂದಿದೆ. ರಾಜ್ಯೋತ್ಸವ, ಹರಿಕಥೆ, ನಾಟಕಗಳಿಗೆ ತೆರೆಯುವ ಬಾಗಿಲನ್ನು ವಾರಕ್ಕೆ ಎರಡೂವರೆ ಗಂಟೆ, ಹನ್ನೆರಡು ಭಾನುವಾರ, ಆರೇ ಆರು ಜನರಿಗಾಗಿ ತೆರೆಯಬೇಕೆಂದು ಈ ಸಂಘಗಳ ಹಿರಿಯರಲ್ಲಿ ನನ್ನ ಬೇಡಿಕೆ. ವೇದಿಕೆ ಬೇಡ, ಬ್ಯಾನರ್ ಬೇಡ, ಫೋಟೊ ಖಂಡಿತ ಬೇಡ. ಕನ್ನಡ ಬಲ್ಲ ಇಬ್ಬರು ಚಿಕಿತ್ಸಕರನ್ನು ಹುಡುಕಿ ಗೌರವಧನ ಕೊಟ್ಟು ಕೂರಿಸಿದರೆ ಸಾಕು. ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳೂ ಇದನ್ನೇ ಮಾಡಬಹುದು. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು.

ಅಲ್ಲಿಯವರೆಗೆ ಕಾಯುತ್ತ ಕೂರಬೇಕಿಲ್ಲ. ನೀವಾಗಲಿ ನಿಮ್ಮ ಮನೆಯಲ್ಲೊಬ್ಬರಾಗಲಿ ಹೀಗಿದ್ದರೆ ಕೇಂದ್ರ ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿಗೆ ಕರೆ ಮಾಡಿ, ಹತ್ತಿರದಲ್ಲಿ ಗುಂಪು ಚಿಕಿತ್ಸೆ ಎಲ್ಲಿದೆ ಎಂದು ಕೇಳಿ. ಕೇಳುವವರು ಹೆಚ್ಚಾದರೆ ಕೊಡುವವರೂ ಹುಟ್ಟಿಕೊಳ್ಳುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಆ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಲಭ್ಯ, ಶುಲ್ಕವಿಲ್ಲ, ಕನ್ನಡದಲ್ಲಿ ಮಾತಾಡಬಹುದು.